ಸ್ಯಾನ್ ಶಿಲಾಚಿತ್ರಗಳು, ಅವುಗಳನ್ನ ಓದೋ ಕಸುಬು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಪುರಾತತ್ವದವನಲ್ಲ. ಕಂಪ್ಯೂಟರ್ ಕೆಲಸಕ್ಕೆ ಅಂತ ಜೊಹಾನ್ಸ್‌ಬರ್ಗಿಗೆ ಬಂದು, ರಜಾ ಸಿಕ್ಕಾಗ ಬೆಟ್ಟ ಹತ್ತೋಕೆ ಹೋಗಿ, ಅಲ್ಲಿನ ಕಲ್ಲಾಸರೆಗಳಲ್ಲಿರೋ (ಅಂದ್ರೆ ಚಾಚಿದ ಬಂಡೆ ಕೆಳಗಿನ ಆಸರೆ ಜಾಗ) ಚಿತ್ರಗಳ ಹುಚ್ಚು ಹತ್ತಿಸ್ಕೊಂಡವನು. ಊರಲ್ಲಿ ಅಕ್ಕನ ಮಗಳು ಆರ್ಕಿಯಾಲಜಿನೇ ಓದ್ತೀನಿ ಅಂತ ಹಠ ಹಿಡಿದು ಕೂತಿದ್ದಾಳೆ, ಅಕ್ಕ ನನಗೆ ಫೋನ್ ಮಾಡಿ "ನೀನೇ ತಲೆ ಕೆಡಿಸಿದ್ದು" ಅಂತ ಬೈತಾಳೆ, ವಾಟ್ಸಾಪ್ ಗ್ರೂಪಲ್ಲಿ ಗೆಳೆಯರು ಅದನ್ನೇ ತಿರುಗಿಸಿ ಮುರುಗಿಸಿ ಕೇಳ್ತಾರೆ. ಅದಕ್ಕೆ ಎಲ್ಲಾ ಒಂದ್ಕಡೆ ಬರೆದಿಟ್ಟಿದ್ದೀನಿ. ಈ ಕಸುಬಿಗೆ ಉದಾಹರಣೆ ಅಂತ ಒಬ್ಬ ಸಂಶೋಧಕರನ್ನ ಇಟ್ಕೊಂಡಿದ್ದೀನಿ: ಡೇವಿಡ್ ಲೂಯಿಸ್-ವಿಲಿಯಮ್ಸ್.

ಸ್ಯಾನ್ ಅಂದ್ರೆ ಯಾರು? ಬುಷ್‌ಮನ್ ಅಂತಾರಲ್ಲ, ಅವ್ರೇನಾ?

ಅವ್ರೇ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ ಈ ಕಡೆ ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು ಬದುಕ್ತಿದ್ದ ಮೂಲನಿವಾಸಿಗಳು. "ಬುಷ್‌ಮನ್" ಅನ್ನೋದು ಬಿಳಿಯರು ಇಟ್ಟ ಹೆಸ್ರು, ಬಹಳ ಕಾಲ ಬೈಗುಳದ ಥರಾನೇ ಬಳಕೆಯಾಗಿತ್ತು. ಹಾಗಂತ "ಸ್ಯಾನ್" ಅನ್ನೋದೂ ಅವರದ್ದೇ ಹೆಸ್ರಲ್ಲ, ಪಕ್ಕದ ದನ ಸಾಕೋ ಖೋಯ್ ಜನ ಕರೀತಿದ್ದದ್ದು. ಅವರನ್ನೇ ಕೇಳಿದ್ರೆ ತಮ್ಮ ತಮ್ಮ ಗುಂಪಿನ ಹೆಸ್ರೇ ಹೇಳ್ತಾರೆ: ಜು-ಹೋವಾನ್ಸಿ, ಖೊಮಾನಿ, ನಾರೋ ಅಂತ. ಎಲ್ರಿಗೂ ಸೇರಿ ಒಂದು ಹೆಸ್ರು ಬೇಕಾದಾಗ ಸ್ಯಾನ್ ಆಗ್ಬೋದು ಅಂತ ಅವರ ಸಂಘಟನೆಗಳೇ ಒಪ್ಕೊಂಡಿರೋದ್ರಿಂದ ನಾನೂ ಹಾಗೇ ಬರೀತೀನಿ.

ಚಿತ್ರಗಳು ಎಲ್ಲಿವೆ? ಎಷ್ಟು ಹಳೇವು?

ದಕ್ಷಿಣ ಆಫ್ರಿಕಾ, ಲೆಸೊಥೊ, ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆ ತುಂಬಾ ಚದುರಿಕೊಂಡಿವೆ. ನನ್ನ ಕಾಲು ಸವೆದಿರೋದು ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲಲ್ಲಿ. ಅದು 2000ದಲ್ಲಿ ವಿಶ್ವ ಪರಂಪರೆ ತಾಣ ಆಯ್ತು, 2013ರಲ್ಲಿ ಲೆಸೊಥೊ ಕಡೆಯ ಸೆಹ್ಲಬತೆಬೆಯನ್ನೂ ಸೇರಿಸಿದ್ರು.

ವಯಸ್ಸಿನ ಪ್ರಶ್ನೆ ಮಾತ್ರ ಕಿರಿಕಿರಿದು. ಕೆಂಪು ಬಣ್ಣ ಅಂದ್ರೆ ಕೆಮ್ಮಣ್ಣು, ಅದ್ರಲ್ಲಿ ಕಾರ್ಬನ್ ಇಲ್ಲ, ಹಾಗಾಗಿ ರೇಡಿಯೋಕಾರ್ಬನ್ ಪರೀಕ್ಷೆ ನಡೆಯಲ್ಲ. ಇದ್ದಿಲಿನ ಕಪ್ಪು ಬಣ್ಣ ಇದ್ರೆ ಅದರ ಒಂದು ಚೂರು ತೆಗೆದು ನೋಡ್ಬೋದು. ಹಾಗೆ ನೇರವಾಗಿ ಬಣ್ಣದಿಂದಲೇ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಬೋಟ್ಸ್ವಾನಾದ ಕೆಲವು ಚಿತ್ರಗಳಿಗೆ ಐದು ಸಾವಿರ ವರ್ಷ ದಾಟಿತ್ತು. ನಮೀಬಿಯಾದ ಅಪೊಲೊ 11 ಅನ್ನೋ ಗುಹೆಯ ಮಣ್ಣಲ್ಲಿ ಸಿಕ್ಕ ಬಣ್ಣ ಬಳಿದ ಕಲ್ಲಿನ ಹಲಗೆಗಳಂತೂ ಮೂವತ್ತು ಸಾವಿರ ವರ್ಷದ ಆಸುಪಾಸಿನವು. (ಹೌದು, ಚಂದ್ರನ ಮೇಲೆ ಹೋದ ಅಪೊಲೊನೇ, 1969ರಲ್ಲಿ ಅಗೆತ ನಡೀವಾಗ ಆ ಸುದ್ದಿ ಬಂತು ಅಂತ ಹೆಸರಿಟ್ಟಿದ್ದು.) ಇನ್ನೊಂದು ಕಡೆ ನೋಡಿದ್ರೆ ಕುದುರೆ ಮೇಲೆ ಕೂತು ಬಂದೂಕು ಹಿಡಿದಿರೋ ಬಿಳಿಯರ ಚಿತ್ರಗಳೂ ಇವೆ, ಅಂದ್ರೆ ಹತ್ತೊಂಬತ್ತನೇ ಶತಮಾನದವರೆಗೂ ಬರೀತಾನೇ ಇದ್ರು. ಆಮೇಲೆ ಬರೆಯೋರನ್ನೇ ಕೊಂದ್ರು, ಓಡಿಸಿದ್ರು, ಉಳಿದವರು ಬೇರೆ ಜನರ ಜೊತೆ ಬೆರೆತುಹೋದ್ರು.

ಈ ಲೂಯಿಸ್-ವಿಲಿಯಮ್ಸ್ ಯಾರು? ಮೊದ್ಲಿಂದಲೂ ಆರ್ಕಿಯಾಲಜಿಸ್ಟಾ?

ಅಲ್ವೇ ಅಲ್ಲ, ನನಗೆ ಅದೇ ಇಷ್ಟ ಆಗೋದು. 1934ರಲ್ಲಿ ಕೇಪ್‌ಟೌನಲ್ಲಿ ಹುಟ್ಟಿದವರು, ಡರ್ಬನ್ ಹತ್ರ ಕಿಯರ್ಸ್ನಿ ಕಾಲೇಜ್ ಅನ್ನೋ ಸ್ಕೂಲಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಅಲ್ಲಿಂದ ಡ್ರಾಕೆನ್ಸ್‌ಬರ್ಗ್ ದೂರ ಇಲ್ಲ, ರಜೆ ಬಂದ್ರೆ ಬೆಟ್ಟಕ್ಕೆ ಹೋಗಿ ಚಿತ್ರಗಳನ್ನ ನಕಲು ಮಾಡ್ಕೊಳ್ಳೋದು. ಸ್ಕೂಲ್ ಕೆಲಸ ಮಾಡ್ತಾ ಮಾಡ್ತಾನೇ 1977ರಲ್ಲಿ ನಟಾಲ್ ಯೂನಿವರ್ಸಿಟಿಯಿಂದ ಪಿಎಚ್‌ಡಿ ತಗೊಂಡ್ರು, ಆಮೇಲೆ ಜೊಹಾನ್ಸ್‌ಬರ್ಗಿನ ವಿಟ್ಸ್ ಯೂನಿವರ್ಸಿಟಿಗೆ ಬಂದ್ರು. ಅಲ್ಲಿ ಅವರು ಕಟ್ಟಿದ ಸಣ್ಣ ರಾಕ್ ಆರ್ಟ್ ಘಟಕನೇ ಬೆಳೆದು ಈಗಿನ ರಾಕ್ ಆರ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಗಿರೋದು. ನಲವತ್ತು ದಾಟಿದ ಮೇಲೆ ಪಿಎಚ್‌ಡಿ. ಅಕ್ಕ, ಓದ್ತಾ ಇದ್ದೀಯ ತಾನೇ?

ಚಿತ್ರಗಳನ್ನ ಎಣಿಸಿ, ಲೆಕ್ಕ ಹಾಕಿದ್ರೆ ಅರ್ಥ ತಿಳಿಯಲ್ವಾ?

ಅರವತ್ತು ಎಪ್ಪತ್ತರ ದಶಕದಲ್ಲಿ ಎಲ್ರೂ ಅದನ್ನೇ ಅಂದ್ಕೊಂಡಿದ್ದರು. ಪೆಟ್ರಿಶಿಯಾ ವಿನ್ನಿಕೋಂಬ್ ಅನ್ನೋ ಸಂಶೋಧಕಿ, ಲೂಯಿಸ್-ವಿಲಿಯಮ್ಸ್ ಎಲ್ಲಾ ಕಲ್ಲಾಸರೆಯಿಂದ ಕಲ್ಲಾಸರೆಗೆ ಅಲೆದು ಪಟ್ಟಿ ಮಾಡಿದ್ರು: ಮನುಷ್ಯರೆಷ್ಟು, ಪ್ರಾಣಿಗಳೆಷ್ಟು, ಯಾವ ಬಣ್ಣ, ಯಾವ ಕಡೆ ಮುಖ. ಎಣಿಸಿ ನೋಡಿದ್ರೆ ಡ್ರಾಕೆನ್ಸ್‌ಬರ್ಗಲ್ಲಿ ಪ್ರಾಣಿಗಳ ಪೈಕಿ ಈಲಂಡ್ ಎಲ್ಲಕ್ಕಿಂತ ಜಾಸ್ತಿ. ಈಲಂಡ್ ಅಂದ್ರೆ ಒಂದು ಜಾತಿ ಜಿಂಕೆ, ಜಿಂಕೆ ಅಂದ್ರೆ ನಂಬೋಕಾಗಲ್ಲ, ಗಂಡು ಎಂಟು ಒಂಬತ್ತು ನೂರು ಕೆಜಿವರೆಗೂ ತೂಗುತ್ತೆ, ನಮ್ಮ ಕಡವೆ ಅದರ ಮುಂದೆ ಮರಿ. ಬರೀ ತಿನ್ನೋ ಪ್ರಾಣಿ ಅಂತ ಬರೆದಿದ್ದರೆ ದಿನಾ ತಿನ್ನೋ ಸಣ್ಣಪುಟ್ಟ ಪ್ರಾಣಿಗಳನ್ನೂ ಅಷ್ಟೇ ಬರೀಬೇಕಿತ್ತು, ಬರೆದಿಲ್ಲ. ಯಾಕೆ ಈಲಂಡೇ? ಅಂಕಿ ಅಂಶ ಅಲ್ಲಿಗೆ ಕೈ ಎತ್ತಿಬಿಡ್ತು. ಉತ್ತರ ಕಲ್ಲಲ್ಲಿರಲಿಲ್ಲ, ನೂರು ವರ್ಷ ಹಿಂದೆ ಯಾರೋ ಬರೆದಿಟ್ಟಿದ್ದ ನೋಟ್‌ಬುಕ್ಕಲ್ಲಿತ್ತು.

ಯಾವ ನೋಟ್‌ಬುಕ್?

ಇದು ಸ್ವಲ್ಪ ಉದ್ದದ ಕಥೆ, ಟೀ ತಗೊಂಡು ಬನ್ನಿ.

1870ರ ಸುಮಾರಿಗೆ ಕೇಪ್‌ಟೌನಿನ ಬ್ರೇಕ್‌ವಾಟರ್ ಜೈಲಲ್ಲಿ ಖಾಂ ಅನ್ನೋ ಸ್ಯಾನ್ ಭಾಷೆ ಆಡೋ ಕೈದಿಗಳಿದ್ದರು, ದನ ಕುರಿ ಕದ್ದ ಕೇಸುಗಳೇ ಜಾಸ್ತಿ. ವಿಲ್ಹೆಲ್ಮ್ ಬ್ಲೀಕ್ ಅನ್ನೋ ಜರ್ಮನ್ ಭಾಷಾಶಾಸ್ತ್ರಜ್ಞ ಸರ್ಕಾರದ ಪರ್ಮಿಷನ್ ತಗೊಂಡು ಅವರಲ್ಲಿ ಕೆಲವರನ್ನ ಮೌಬ್ರೇ ಬಡಾವಣೆಯ ತನ್ನ ಮನೇಲೇ ಇಟ್ಕೊಂಡ, ಭಾಷೆ ಕಲಿಸಿ ಅಂತ. ಬ್ಲೀಕ್ 1875ರಲ್ಲಿ ತೀರಿಕೊಂಡ. ಆದ್ರೆ ಅವನ ನಾದಿನಿ ಲೂಸಿ ಲಾಯ್ಡ್ ಕೆಲಸ ಬಿಡಲಿಲ್ಲ, ನಿಜ ಹೇಳ್ಬೇಕಂದ್ರೆ ಜಾಸ್ತಿ ಬರೆದದ್ದು ಆಕೆನೇ, ಹೆಸರು ಬರೋವಾಗ ಮಾತ್ರ ಬ್ಲೀಕ್ ಮೊದಲು ಬರ್ತಾನೆ, ಎಲ್ಲಾ ಕಡೆ ನಡೆಯೋದೇ. ಒಂದು ಪುಟದಲ್ಲಿ ಖಾಂ ಮಾತು, ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಹೀಗೆ ಸುಮಾರು 12,000 ಪುಟ. ಹೇಳಿದವರು ಕಾಬ್ಬೋ ಅನ್ನೋ ಹಿರಿಯ (ಹೆಸರಿನ ಅರ್ಥ "ಕನಸು"), ದಿಯಾಕ್ವೈನ್, ಹಾನ್ಕಾಸ್ಸೊ ಮುಂತಾದವರು. ಮಳೆ ತರೋದು ಹೇಗೆ, ಈಲಂಡ್ ಹೊಡೆದವನು ಹೇಗೆ ನಡ್ಕೋಬೇಕು, ನಕ್ಷತ್ರದ ಕಥೆ, ಸತ್ತವರ ಕಥೆ, ಊರಿನ ನೆನಪು. ಕಾಬ್ಬೋ ಮನೆಗೆ ವಾಪಸ್ ಹೋಗೋಕೆ ಕಾಯ್ತಾ ಹೇಳಿದ ಮಾತುಗಳನ್ನ ಓದಿದ್ರೆ ಗಂಟಲು ಕಟ್ಟುತ್ತೆ. ಈಗ ಆ ಭಾಷೆ ಆಡೋರು ಒಬ್ಬರೂ ಇಲ್ಲ. ನೋಟ್‌ಬುಕ್ ಇವೆ, 1997ರಲ್ಲಿ ಯುನೆಸ್ಕೊದ ಜಗತ್ತಿನ ಸ್ಮೃತಿ ಪಟ್ಟಿಗೂ ಸೇರಿವೆ.

ಖಾಂ ಅನ್ನೋದನ್ನ ಹೇಗೆ ಉಚ್ಚರಿಸೋದು? ಕನ್ನಡದಲ್ಲಿ ಬರೆಯೋಕೆ ಬರುತ್ತಾ?

ಬರಲ್ಲ, ನಾನು ಮೇಲೆ ಬರೆದಿರೋ ಹೆಸ್ರುಗಳೆಲ್ಲಾ ಅರ್ಧಂಬರ್ಧವೇ. ಆದ್ರೆ ಬಾಯಲ್ಲಿ ಹೇಳೋದು ನಮಗೇನು ಹೊಸದಲ್ಲ. ಅಯ್ಯೋ ಪಾಪ ಅಂತ ಲೊಚಗುಟ್ತೀವಲ್ಲ, ಹಲ್ಲಿನ ಹಿಂದೆ ನಾಲಗೆ ಎಳೆದು? ಆ ಸದ್ದು ಮಾಡಿದ ತಕ್ಷಣ "ಖಾಂ" ಅನ್ನಿ, ಸುಮಾರಾಗಿ ಅದೇ. ಕಾಬ್ಬೋ ಹೆಸರಿನ ಮೊದಲು ಬರೋ ಸದ್ದು ಬೇರೆ, ಕುದುರೆನೋ ಎತ್ತನ್ನೋ ಮುಂದಕ್ಕೆ ಹೊಡೆಯೋವಾಗ ದವಡೆ ಪಕ್ಕದಿಂದ ಕ್ಲಕ್ ಕ್ಲಕ್ ಅಂತೀವಲ್ಲ, ಅದು. ನಾವು ಮಾತಿಗೆ ಹೊರಗಡೆ ಇಟ್ಟಿರೋ ಸದ್ದುಗಳು ಅವರಿಗೆ ವ್ಯಂಜನ.

ಸರಿ, ನೋಟ್‌ಬುಕ್ಕಿಗೂ ಚಿತ್ರಕ್ಕೂ ಏನು ಸಂಬಂಧ? ಅವರು ಬೇರೆ ಊರಿನವರು ತಾನೇ?

ಒಳ್ಳೆ ಪ್ರಶ್ನೆ, ಬೇರೆ ಊರೇ, ನೂರಾರು ಕಿಲೋಮೀಟರ್ ದೂರ. ಕೊಂಡಿ ಎಲ್ಲಿಂದ ಬಂತು ಅಂದ್ರೆ, 1873ರಲ್ಲಿ ಜೋಸೆಫ್ ಓರ್ಪೆನ್ ಅನ್ನೋ ಮ್ಯಾಜಿಸ್ಟ್ರೇಟ್ ಈಗಿನ ಲೆಸೊಥೊದ ಮಲೋಟಿ ಬೆಟ್ಟಗಳಲ್ಲಿ ಹೋಗ್ತಿದ್ದಾಗ ಕ್ವಿಂಗ್ ಅನ್ನೋ ಸ್ಯಾನ್ ಯುವಕ ದಾರಿ ತೋರಿಸೋಕೆ ಜೊತೆಗಿದ್ದ. ಕಲ್ಲಾಸರೆಯ ಚಿತ್ರ ತೋರಿಸಿ, ಜಿಂಕೆ ತಲೆ ಇರೋ ಈ ಮನುಷ್ಯರು ಯಾರಪ್ಪಾ ಅಂತ ಓರ್ಪೆನ್ ಕೇಳಿದ್ದಕ್ಕೆ ಕ್ವಿಂಗ್ ಹೇಳಿದ್ದು ಸುಮಾರಾಗಿ ಹೀಗೆ: ಇವರು ಸತ್ತುಹೋದವರು, ಈಗ ನದಿಯೊಳಗೆ ಇದ್ದಾರೆ, ಈಲಂಡ್‌ಗಳು ಕೆಟ್ಟಾಗ ಇವರೂ ಕೆಟ್ಟರು, ನೀನು ಚಿತ್ರದಲ್ಲಿ ನೋಡಿದ ಆ ಕುಣಿತದಿಂದ. ಓರ್ಪೆನ್‌ಗೆ ತಲೆಬುಡ ತಿಳೀಲಿಲ್ಲ, ಆದ್ರೂ ಪುಣ್ಯಾತ್ಮ ಹೇಳಿದ್ದನ್ನ ಬರೆದಿಟ್ಟ. ಅವನ ನಕಲುಗಳನ್ನ ಬ್ಲೀಕ್ ಕೇಪ್‌ಟೌನಲ್ಲಿ ದಿಯಾಕ್ವೈನ್‌ಗೆ ತೋರಿಸಿದಾಗ, ಯಾವತ್ತೂ ಆ ಬೆಟ್ಟ ನೋಡಿರದ ಅವನೂ ಒಂದು ಚಿತ್ರ ನೋಡಿ, ಮಳೆಯ ಪ್ರಾಣಿಯನ್ನ ಹಿಡಿದು ಎಳ್ಕೊಂಡು ಹೋಗ್ತಾ ಇದ್ದಾರೆ ಅಂತ ವಿವರಿಸಿದ.

ಸತ್ತವರು ನದಿಯೊಳಗೆ ಹೇಗಿರ್ತಾರೆ? ಕುಣಿದ್ರೆ ಕೆಟ್ಟುಹೋಗೋದು ಅಂದ್ರೇನು? ನೂರು ವರ್ಷ ಎಲ್ರೂ ಇದನ್ನ ಕಾಡುಜನರ ಗೊಂದಲದ ಮಾತು ಅಂತ ಪಕ್ಕಕ್ಕಿಟ್ಟಿದ್ದರು. ಕವಿತೆ ಪಾಠ ಮಾಡಿ ಅಭ್ಯಾಸ ಇದ್ದ ಮೇಷ್ಟ್ರು ಲೂಯಿಸ್-ವಿಲಿಯಮ್ಸ್‌ಗೆ ಮಾತ್ರ ಇದು ರೂಪಕ ಇರ್ಬೋದಲ್ವಾ ಅನ್ನಿಸ್ತು. ಕಲಹಾರಿ ಮರಳುಗಾಡಿನ ಸ್ಯಾನ್ ಜನರಲ್ಲಿ ಈಗಲೂ ಒಂದು ಕುಣಿತ ಇದೆ. ಹೆಂಗಸರು ಬೆಂಕಿ ಸುತ್ತ ಕೂತು ಚಪ್ಪಾಳೆ ತಟ್ಟಿ ಹಾಡ್ತಾರೆ, ಗಂಡಸರು ಕಾಲಿಗೆ ಗಿಲಕಿ ಕಟ್ಕೊಂಡು ಗಂಟೆಗಟ್ಟಲೆ ಸುತ್ತು ಕುಣೀತಾರೆ, ಕೊನೆಗೆ ಒಬ್ಬನಿಗೆ ಮೈ ನಡುಗಿ, ಬೆವರಿ, ಮುಂದಕ್ಕೆ ಬಾಗಿ, ಕೆಲವೊಮ್ಮೆ ಮೂಗಲ್ಲಿ ರಕ್ತ ಬಂದು, ಮೈಮೇಲೆ ದೇವ್ರು ಬಂತು ಅಂತೀವಲ್ಲ ಆ ಥರ ಆಗಿ ಬೀಳ್ತಾನೆ. (ದೇವ್ರು ಬರೋದು ಅನ್ನೋದು ನನ್ನ ಹೋಲಿಕೆ, ಅವರ ನಂಬಿಕೇಲಿ ಅದು ಹೊರಗಿಂದ ಬರೋದಲ್ಲ, ಹೊಟ್ಟೇಲಿರೋ ಶಕ್ತಿ ಕುದಿದು ಬೆನ್ನುಮೂಳೆಲಿ ಮೇಲೇರೋದು.) ಹಾಗೆ ಬಿದ್ದವನನ್ನ ಅವರು "ಸತ್ತ" ಅಂತಾನೇ ಹೇಳ್ತಾರೆ. ನೀರೊಳಗೆ ಮುಳುಗಿದ ಹಾಗೆ ಇರುತ್ತೆ ಅಂತಾರೆ. ಎದ್ದು ರೋಗ ವಾಸಿ ಮಾಡ್ತಾನೆ.

ಈಗ ಗೇಮ್ ಪಾಸ್ ಅನ್ನೋ ಕಲ್ಲಾಸರೆಯ ಚಿತ್ರಕ್ಕೆ ಬನ್ನಿ. ನಾನು ಮೊದಲ ಸಲ ಹೋದಾಗ ಏನೂ ಕಾಣಲಿಲ್ಲ ನನಗೆ, ಒಂದು ದೊಡ್ಡ ಪ್ರಾಣಿ, ಹಿಂದೆ ಒಬ್ಬ ಮನುಷ್ಯ, ಅಷ್ಟೆ. ಗೈಡ್ ಬಂದು "ಕಾಲು ನೋಡಿ" ಅಂದ್ರು. ಈಲಂಡಿನ ತಲೆ ಕೆಳಗೆ ಜೋತುಬಿದ್ದಿದೆ, ಹಿಂಗಾಲು ಒಂದರ ಮೇಲೊಂದು ಕತ್ತರಿ ಹಾಕಿದೆ, ವಿಷದ ಬಾಣ ತಿಂದ ಪ್ರಾಣಿ ಸಾಯೋವಾಗ ತೂರಾಡೋ ಹಾಗೆ. ಬಾಲ ಹಿಡಿದಿರೋ ಮನುಷ್ಯನ ಕಾಲು ನೋಡಿದ್ರೆ ಅವನದ್ದೂ ಕತ್ತರಿ. ಪಾದ ನೋಡಿದ್ರೆ ಪಾದ ಇಲ್ಲ, ಗೊರಸು! ಸಾಯ್ತಿರೋ ಈಲಂಡೂ ನಡುಗುತ್ತೆ, ಬೆವರುತ್ತೆ, ಮೈಕೂದಲು ನಿಮಿರುತ್ತೆ, ಮೂಗಲ್ಲಿ ರಕ್ತ ಬರುತ್ತೆ, ಕುಣಿದು "ಸಾಯೋ" ವೈದ್ಯನಿಗೂ ಅದೇ. ಅದರ ಸಾವಿನ ಶಕ್ತಿ ಬಾಲದಿಂದ ಇವನಿಗೆ ಹರೀತಾ ಇದೆ ಅಂತ ಲೂಯಿಸ್-ವಿಲಿಯಮ್ಸ್ ಓದಿದ್ರು. ಈ ವಾದವೇ 1981ರಲ್ಲಿ ಪುಸ್ತಕ ಆಯ್ತು. ಗೇಮ್ ಪಾಸ್ ಚಿತ್ರಕ್ಕೆ ಸ್ಯಾನ್ ಚಿತ್ರಕಲೆಯ ರೊಸೆಟ್ಟಾ ಕಲ್ಲು (ಈಜಿಪ್ಟಿನ ಹಳೇ ಲಿಪಿ ಓದೋಕೆ ಬೀಗದಕೈ ಆದ ಕಲ್ಲು ಅದು) ಅಂತ ಹೆಸ್ರೂ ಬಿತ್ತು.

ಎಲ್ರೂ ಇದನ್ನ ಒಪ್ಪಿದ್ರಾ?

ಎಲ್ಲಿ ಒಪ್ತಾರೆ! ಆನ್ ಸಾಲೊಮನ್ ಅನ್ನೋ ಸಂಶೋಧಕಿಯ ತಕರಾರು ನನಗೆ ತುಂಬಾ ಗಟ್ಟಿ ಅನ್ಸುತ್ತೆ: ಕ್ವಿಂಗ್ "ಸತ್ತವರು" ಅಂದ್ರೆ ಸತ್ತವರೇ ಇರ್ಬೋದಲ್ಲ, ಪಿತೃಗಳು, ಪುರಾಣದ ಆದಿಮಾನವರು, ಅದನ್ನ ಯಾಕೆ ಎಳೆದು ರೂಪಕ ಮಾಡ್ಬೇಕು? ಅದೇ ಒಂದು ವಾಕ್ಯ, ಇಬ್ಬರೂ ಅದನ್ನೇ ಹಿಡ್ಕೊಂಡು ಎದುರು ಬದುರು ನಿಂತಿದ್ದಾರೆ. ಇನ್ನು 1988ರಲ್ಲಿ ಲೂಯಿಸ್-ವಿಲಿಯಮ್ಸ್ ಮತ್ತೆ ಥಾಮಸ್ ಡೌಸನ್ ಸೇರಿ, ಟ್ರಾನ್ಸಲ್ಲಿ, ಅಂದ್ರೆ ಹಾಗೆ ಮೈಮರೆತ ಸ್ಥಿತೀಲಿ, ಯಾವ ಮನುಷ್ಯನ ಮೆದುಳಾದ್ರೂ ಅದೇ ಚುಕ್ಕಿ, ಅಂಕುಡೊಂಕು ಗೆರೆ, ಜಾಲರಿ ಕಾಣುತ್ತೆ, ಯುರೋಪಿನ ಹಿಮಯುಗದ ಗುಹೆಗಳಿಗೂ ಇದು ಹೊಂದುತ್ತೆ ಅಂತ ಬರೆದ ಮೇಲಂತೂ ಜಗಳ ಜೋರಾಯ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಡ್ರಾಕೆನ್ಸ್‌ಬರ್ಗಿನ ಮಟ್ಟಿಗೆ ಅವರ ಮಾತಿಗೆ ತೂಕ ಇದೆ, ಯಾಕಂದ್ರೆ ಹಿಂದೆ ಆ ಜನರದ್ದೇ ಮಾತಿದೆ. ಯುರೋಪಿಗೆ ಹಾರಿದಾಗ ಆ ಮಾತು ಇಲ್ಲ, ಬರೀ ಮೆದುಳು ಉಳಿಯುತ್ತೆ, ಅಲ್ಲಿ ನನಗೆ ನಂಬಿಕೆ ಕಮ್ಮಿ.

ಈ ಕೆಲಸದವರು ದಿನಾ ಮಾಡೋದೇನು? ಗುಹೆ ಗುಹೆ ತಿರುಗೋದಾ?

ತಿರುಗೋದು ಸ್ವಲ್ಪ, ಕೂರೋದು ಜಾಸ್ತಿ. ಟ್ರೇಸಿಂಗ್ ಅಂದ್ರೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನ ಬಂಡೆಗೆ ಹಿಡಿದು, ಬಣ್ಣ ಇಲ್ಲದ ಕಡೆ ಮಾತ್ರ ಟೇಪ್ ಹಚ್ಚಿ, ಚೂಪು ಪೆನ್ಸಿಲಲ್ಲಿ ಗೆರೆ ಎಳೆಯೋದು. ಬಣ್ಣದ ಅಂಚು ಯಾವುದು, ಕಲ್ಲು ಚಕ್ಕೆ ಎದ್ದಿರೋ ಅಂಚು ಯಾವುದು, ಎರಡನ್ನೂ ಬೇರೆ ಬೇರೆ ಗುರುತು ಮಾಡ್ಬೇಕು. ಕುತ್ತಿಗೆ ನೋವು ಗ್ಯಾರಂಟಿ. ಆದ್ರೆ ಫೋಟೊ ತೆಗೆಯೋನಿಗೆ ಕಾಣದ್ದು ಟ್ರೇಸ್ ಮಾಡೋನಿಗೆ ಕಾಣುತ್ತೆ, ಮೂಗಿಂದ ಇಳಿಯೋ ಕೂದಲೆಳೆಯಷ್ಟು ಕೆಂಪು ಗೆರೆ ಅಂಥವು. ಈಗ ಡಿ-ಸ್ಟ್ರೆಚ್ ಅಂತ ಒಂದು ಸಾಫ್ಟ್‌ವೇರ್ ಇದೆ, ಮಾಸಿಹೋದ ಬಣ್ಣವನ್ನ ಫೋಟೊದಲ್ಲಿ ಎತ್ತಿ ತೋರಿಸುತ್ತೆ, ಬರೀ ಕಲ್ಲು ಅಂದ್ಕೊಂಡಿದ್ದ ಕಡೆ ಇದ್ದಕ್ಕಿದ್ದಂತೆ ಹತ್ತು ಜನ ಕುಣೀತಾ ಇರ್ತಾರೆ. ಉಳಿದ ಟೈಮೆಲ್ಲಾ ಆರ್ಕೈವ್, ಹಳೇ ನಕಲುಗಳ ಸ್ಕ್ಯಾನಿಂಗ್, ಪರ್ಮಿಟ್ ಅರ್ಜಿ, ಫಂಡಿಗೆ ಅರ್ಜಿ, ವರದಿ.

ಚಿತ್ರಕ್ಕೆ ನೀರು ಚಿಮುಕಿಸಿದ್ರೆ ಚೆನ್ನಾಗಿ ಕಾಣುತ್ತಂತೆ?

ದಯವಿಟ್ಟು ಬೇಡ. ಒದ್ದೆ ಆದಾಗ ಒಂದು ನಿಮಿಷ ಹೊಳೆಯುತ್ತೆ ನಿಜ, ಆದ್ರೆ ನೀರು ಒಣಗೋವಾಗ ಕಲ್ಲೊಳಗಿನ ಉಪ್ಪನ್ನ ಮೇಲಕ್ಕೆ ಎಳ್ಕೊಂಡು ಬರುತ್ತೆ, ಬಿಳಿ ಪೊರೆ ಕಟ್ಟಿ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ನಾನೊಂದ್ಸಲ ಕಲ್ಲಿನ ಮುಂದೆ ನಿಂತು ಬಾಯಾರಿಕೆ ಆಯ್ತು ಅಂತ ಬ್ಯಾಗಿಂದ ಬಾಟಲಿ ತೆಗೆದೆ, ಅಷ್ಟಕ್ಕೇ ಗೈಡ್ ಓಡಿ ಬಂದು ನನಗೂ ಬಂಡೆಗೂ ಮಧ್ಯೆ ನಿಂತುಬಿಟ್ಟರು. ಕುಡಿಯೋಕೆ ಸ್ವಾಮಿ ಅಂದ್ರೂ ನಂಬಲಿಲ್ಲ, ಎಷ್ಟು ಜನರನ್ನ ನೋಡಿರ್ಬೇಕು ಅವರು.

ಅಲ್ಲಿನ 1999ರ ಪರಂಪರೆ ಕಾಯ್ದೆ ಪ್ರಕಾರ ಪರ್ಮಿಟ್ ಇಲ್ಲದೆ ಚಿತ್ರಕ್ಕೆ ಕೈ ಹಚ್ಚೋ ಹಾಗಿಲ್ಲ, ಚಿತ್ರದ ಸುತ್ತ 10 ಮೀಟರ್ ಜಾಗಕ್ಕೂ ಅದೇ ರಕ್ಷಣೆ.

ಏನು ಓದ್ಬೇಕು? ಕೆಲಸ ಸಿಗುತ್ತಾ? (ಅಕ್ಕನ ಪ್ರಶ್ನೆ)

ದಕ್ಷಿಣ ಆಫ್ರಿಕಾದಲ್ಲಿ ಮೂರು ವರ್ಷದ ಡಿಗ್ರಿ, ಮೇಲೆ ಒಂದು ವರ್ಷ ಆನರ್ಸ್, ಆಮೇಲೆ ಮಾಸ್ಟರ್ಸ್, ಪಿಎಚ್‌ಡಿ. ವಿಟ್ಸ್, ಕೇಪ್‌ಟೌನ್ ಯೂನಿವರ್ಸಿಟಿಗಳಲ್ಲಿ ಆರ್ಕಿಯಾಲಜಿ ಇದೆ, ಪೀಟರ್‌ಮಾರಿಟ್ಜ್‌ಬರ್ಗಿನ ಮ್ಯೂಸಿಯಂ ಅಂಥ ಕಡೆ ಸಂಶೋಧಕರೂ ಇದ್ದಾರೆ. ಆದ್ರೆ ರಾಕ್ ಆರ್ಟ್ ಒಂದನ್ನೇ ಮಾಡ್ತೀನಿ ಅಂದ್ರೆ ಪೋಸ್ಟುಗಳು ಬೆರಳೆಣಿಕೆ, ಸುಳ್ಳು ಯಾಕೆ ಹೇಳ್ಲಿ. ಹೊಟ್ಟೆಪಾಡು ನಡೆಯೋದು ಜಾಸ್ತಿ ಪರಂಪರೆ ಪರಿಣಾಮ ಸಮೀಕ್ಷೆಯಿಂದ. ಅದೇ ಕಾಯ್ದೆ ಹೇಳೋದೇನಂದ್ರೆ 300 ಮೀಟರಿಗಿಂತ ಉದ್ದದ ರಸ್ತೆ, ಪೈಪ್‌ಲೈನ್, ಕರೆಂಟ್ ಲೈನ್, ಅಥವಾ 5,000 ಚದರ ಮೀಟರ್ ಮೀರಿದ ಕಾಮಗಾರಿ ಆದ್ರೆ ಮೊದಲು ಪರಂಪರೆ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಅವರು ಬೇಕು ಅಂದ್ರೆ ಸರ್ವೆ ಆಗ್ಬೇಕು. ಹಾಗಾಗಿ ಓದಿದವರಲ್ಲಿ ಬಹಳ ಜನ ಗಣಿ, ಸೋಲಾರ್ ಪ್ಲಾಂಟ್, ರಸ್ತೆ ಕಂಪನಿಗಳ ಮುಂದೆ ಮುಂದೆ ನಡ್ಕೊಂಡು ಕಲ್ಲಿನ ಉಪಕರಣ, ಗೋರಿ, ಚಿತ್ರ ಹುಡುಕ್ತಾ ಇರ್ತಾರೆ. ಬಿಸಿಲು ವಿಪರೀತ. ಡ್ರೈವಿಂಗ್ ಬರ್ಬೇಕು, ಮ್ಯಾಪ್ ಸಾಫ್ಟ್‌ವೇರ್ ಬರ್ಬೇಕು, ಮತ್ತೆ ಅಲ್ಲಿಯ ಒಂದು ಭಾಷೆ ಕಲಿತಿರ್ಬೇಕು, ಜುಲುನೋ ಸೊಥೊನೋ. ಕೊನೇದನ್ನ ಯಾರೂ ಜಾಹೀರಾತಲ್ಲಿ ಹಾಕಲ್ಲ, ಆದ್ರೆ ದಾರಿ ತೋರಿಸೋ ದನಗಾಹಿ ಹುಡುಗನ ಹತ್ರ ಇಂಗ್ಲಿಷ್ ನಡೆಯಲ್ಲ.

ದಕ್ಷಿಣ ಆಫ್ರಿಕಾದ ಲಾಂಛನದಲ್ಲಿ ಇರೋದೂ ಸ್ಯಾನ್ ಚಿತ್ರನಾ?

ಹೌದು. ಗುರಾಣಿ ಮೇಲಿರೋ ಇಬ್ಬರು ಮನುಷ್ಯರು ಲಿಂಟನ್ ಕಲ್ಲು ಅನ್ನೋ ಚಿತ್ರದಿಂದ ಬಂದವರು, ಅಸಲಿಗೆ ಒಬ್ಬನೇ, ಕನ್ನಡಿ ಹಿಡಿದ ಹಾಗೆ ಎದುರು ಬದುರು ಮಾಡಿದ್ದಾರೆ. ಆ ಕಲ್ಲನ್ನ 1917ರ ಹೊತ್ತಿಗೆ ಒಂದು ಫಾರ್ಮಿನ ಬಂಡೆಯಿಂದ ಕತ್ತರಿಸಿ ಕೇಪ್‌ಟೌನ್ ಮ್ಯೂಸಿಯಮ್ಮಿಗೆ ತಂದಿದ್ದು. ಲಾಂಛನ ಹೊರಬಂದಿದ್ದು 27 ಏಪ್ರಿಲ್ 2000. ಕೆಳಗಿನ ಧ್ಯೇಯವಾಕ್ಯ ಖಾಂ ಭಾಷೇಲಿದೆ, ಬೇರೆ ಬೇರೆ ಜನ ಒಂದಾಗಲಿ ಅನ್ನೋ ಅರ್ಥ, ಅದನ್ನ ಖಾಂಗೆ ಅನುವಾದಿಸಿ ಕೊಟ್ಟಿದ್ದು ಲೂಯಿಸ್-ವಿಲಿಯಮ್ಸ್. ಆಡೋರೇ ಇಲ್ಲದ ಭಾಷೆಗೆ ಅನುವಾದ ಮಾಡಿಸೋಕೆ ಇಂಗ್ಲಿಷ್ ಮಾತಾಡೋ ಪ್ರೊಫೆಸರ್ ಹತ್ರ ಹೋಗ್ಬೇಕಾಯ್ತು ಅನ್ನೋದನ್ನ ನೆನೆಸ್ಕೊಂಡ್ರೆ ಹೆಮ್ಮೆ ಪಡ್ಬೇಕೋ ಸಂಕಟ ಪಡ್ಬೇಕೋ ಗೊತ್ತಾಗಲ್ಲ.

ಇದರಿಂದ ಸ್ಯಾನ್ ಜನರಿಗೇನು ಸಿಕ್ತು?

ಬಹಳ ಕಾಲ ಏನೂ ಇಲ್ಲ. ಸಂಶೋಧಕರು ಬಂದ್ರು, ರೆಕಾರ್ಡ್ ಮಾಡ್ಕೊಂಡ್ರು, ಹೋದ್ರು, ಪುಸ್ತಕದ ಕಾಪಿನೂ ಕಳಿಸ್ಲಿಲ್ಲ ಅನ್ನೋ ಸಿಟ್ಟು ಅವರಿಗಿತ್ತು. 2017ರಲ್ಲಿ ದಕ್ಷಿಣ ಆಫ್ರಿಕಾದ ಸ್ಯಾನ್ ಮುಖಂಡರು ತಾವೇ ಸಂಶೋಧನೆಯ ನೀತಿಸಂಹಿತೆ ಹೊರಡಿಸಿದ್ರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಮತ್ತೆ ಸರಿಯಾದ ಕ್ರಮದಲ್ಲಿ ನಮ್ಮನ್ನ ಕೇಳ್ಕೊಂಡು ಬನ್ನಿ ಅನ್ನೋದು. ಡ್ರಾಕೆನ್ಸ್‌ಬರ್ಗ್ ಕಡೆ ಸ್ಯಾನ್ ಜನ ಅಳಿದೇ ಹೋದ್ರು ಅಂತ ಪುಸ್ತಕಗಳು ಹೇಳ್ತಿದ್ದವು, ಆದ್ರೆ ಈಗ ಜುಲು ಮಾತಾಡೋ ದೂಮಾ ಮನೆತನದವರು ನಾವು ಅವರ ಸಂತತಿ ಅಂತ ಗೇಮ್ ಪಾಸ್ ಕಲ್ಲಾಸರೆಗೆ ಹೋಗಿ ಈಲಂಡ್ ಆಚರಣೆ ಮಾಡ್ತಾರೆ. ಚಿತ್ರದ ಹತ್ರ ಜನ ಸೇರಿದ್ರೆ ಹಾಳಾಗುತ್ತೆ ಅನ್ನೋದು ಸಂರಕ್ಷಣೆಯವರ ಚಿಂತೆ, ನಮ್ಮ ಹಿರಿಯರ ಜಾಗಕ್ಕೆ ನಾವು ಯಾರ ಅಪ್ಪಣೆ ಕೇಳ್ಬೇಕು ಅನ್ನೋದು ಇವರ ಪ್ರಶ್ನೆ. ಎರಡರಲ್ಲೂ ಹುರುಳಿದೆ, ಆದ್ರೆ ಒಂದು ಕಡೆ ಇರ್ಲೇಬೇಕು ಅಂದ್ರೆ ನಾನು ದೂಮಾಗಳ ಕಡೆ.

ನಮ್ಮ ಬಳ್ಳಾರಿ ಕಪ್ಪಗಲ್ಲಿನ, ಬಂಡೆ ಕುಟ್ಟಿ ಮೂಡಿಸಿದ ಚಿತ್ರಗಳನ್ನೂ ಹೀಗೇ ಓದ್ಬೋದಾ?

ಅಲ್ಲಿನ ಗೂಳಿಗಳು, ಕುಣಿಯೋ ಮನುಷ್ಯರು, ಬಡಿದ್ರೆ ಗಂಟೆ ಥರ ಮೊಳಗೋ ಬಂಡೆಗಳು ನೋಡಿದ್ರೆ ಆಸೆ ಆಗೋದು ಸಹಜ. ಆದ್ರೆ ಬರೆದವರ ಮಾತು ನಮ್ಮ ಹತ್ರ ಒಂದು ಪುಟಾನೂ ಇಲ್ಲ. ಟ್ರಾನ್ಸ್ ಅಂತ ಇಲ್ಲಿಂದ ಅಲ್ಲಿಗೆ ಎತ್ತಿ ಅಂಟಿಸಿದ್ರೆ ಅದು ನಮ್ಮ ಕಲ್ಪನೆ ಆಗುತ್ತೆ ಅಷ್ಟೆ.

ಗೇಮ್ ಪಾಸ್ ನೋಡೋಕೆ ಹೇಗೆ ಹೋಗೋದು?

ಕ್ಯಾಂಬರ್ಗ್ ಅನ್ನೋ ರಕ್ಷಿತಾರಣ್ಯಕ್ಕೆ ಹೋಗಿ ಗೈಡ್ ಜೊತೆ ನಡೀಬೇಕು, ಒಬ್ಬೊಬ್ಬರನ್ನೇ ಬಿಡಲ್ಲ. ಹೋಗಿ ಬರೋಕೆ ಮೂರು ಗಂಟೆ ಇಟ್ಕೊಳ್ಳಿ, ಕೊನೇ ಏರು ಮಂಡಿಗೆ ಹಿಡಿಯುತ್ತೆ. ಬೇಸಿಗೇಲಿ ಅಂದ್ರೆ ಡಿಸೆಂಬರ್ ಜನವರೀಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತೆ, ಬೆಳಗ್ಗೆ ಬೇಗ ಹೊರಡಿ. ನೀರಿನ ಬಾಟಲಿ ಇರ್ಲಿ, ಕಲ್ಲಿನಿಂದ ದೂರ ನಿಂತು ಕುಡೀರಿ.